ಪೇಷೆಂಟ್ ಕಡೆಯವರು

ಅಮೆರಿಕದ ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ನಾನು ಎರಡೂವರೆ ವರ್ಷ ಕೈಕಟ್ಟಿ ಕೂತಿದ್ದೆ. ಕೈಕಟ್ಟಿ ಎಂದರೆ ಅಡುಗೆ ಮಾಡುತ್ತಿದ್ದೆ, ಬಟ್ಟೆ ಮಡಚುತ್ತಿದ್ದೆ, ಮಧ್ಯಾಹ್ನ ಲೈಬ್ರರಿಗೆ ಹೋಗಿ ಇಲ್ಲಿನ ವೈದ್ಯಕೀಯ ಪರೀಕ್ಷೆಗಳಿಗೆ ಓದುತ್ತಿದ್ದೆ. ಆದರೆ ಮೈಸೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ಪುರುಸೊತ್ತಿಲ್ಲದೆ ರೋಗಿಗಳನ್ನು ನೋಡಿ ಬಂದವಳಿಗೆ ಅದ್ಯಾವುದೂ ಕೆಲಸವೆಂದು ಅನ್ನಿಸುತ್ತಿರಲಿಲ್ಲ. ಗಂಡ ಟೆಲಿಕಾಂ ಕಂಪನಿಯಲ್ಲಿದ್ದ. ಅವನ ವೀಸಾದ ಬಾಲಕ್ಕೆ ಕಟ್ಟಿದ್ದ ನನ್ನ ವೀಸಾ ದುಡಿಯಲು ಬಿಡುತ್ತಿರಲಿಲ್ಲ. ಭಾನುವಾರದ ಊಟಗಳಲ್ಲಿ ಆಂಟಿಯರು ನನ್ನನ್ನು ಪರಿಚಯಿಸುವಾಗ, “ಇವಳೂ ಡಾಕ್ಟರೇ, ಆದ್ರೆ ಸದ್ಯಕ್ಕೆ ಮನೇಲಿದಾಳೆ” ಎನ್ನುತ್ತಿದ್ದರು. ಆ ‘ಆದ್ರೆ’ ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆಗ ನನಗೆ ಕೋಪವೂ ಜಾಸ್ತಿ, ಜಂಬವೂ ಜಾಸ್ತಿ.

ಪರೀಕ್ಷೆಗಳು ಮುಗಿದು, ಎಲ್ಲಾದರೂ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ ಕೆಲಸ, ಸಿಗುತ್ತದೋ ಇಲ್ಲವೋ ಎಂದು ಕಾಯುತ್ತಿದ್ದ ಚಳಿಗಾಲದಲ್ಲಿ ಆ ನರ್ಸ್ ಪರಿಚಯವಾದದ್ದು. ಡಾಲಸ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು, ಯಾವುದೋ ಹೆಚ್ಚಿನ ಪರೀಕ್ಷೆಗೆ ಓದಲು ನನ್ನದೇ ಲೈಬ್ರರಿಗೆ, ನನ್ನದೇ ಮೇಜಿಗೆ ಬರುತ್ತಿದ್ದಳು. ಟೆಕ್ಸಾಸಿನ ದಕ್ಷಿಣದ ಗಡಿ ಊರಿನವಳು, ಮನೆಮಾತು ಸ್ಪ್ಯಾನಿಷ್. ಅವಳ ಚರ್ಚಿನವರು ಪ್ರತಿ ಫೆಬ್ರವರಿಯಲ್ಲಿ ಒಂದು ವಾರ ಹೊಂಡುರಾಸ್ ದೇಶದ ಬೆಟ್ಟದ ಹಳ್ಳಿಯೊಂದಕ್ಕೆ ಹೋಗಿ ಉಚಿತ ಚಿಕಿತ್ಸೆ ಕೊಟ್ಟು ಬರುತ್ತಿದ್ದರು. “ನೀನೂ ಬಾ, ಜನ ಬೇಕಾಗಿದಾರೆ” ಎಂದಳು. ಸಂಬಳವಿಲ್ಲದ ಕೆಲಸಕ್ಕೆ ವೀಸಾ ಅಡ್ಡ ಬರುವುದಿಲ್ಲವೆಂದು ವಿಚಾರಿಸಿಕೊಂಡು ಅಂದೇ ಸಂಜೆ ಗಂಡನಿಗೆ ಹೇಳಿದೆ.

“ಚರ್ಚಿನವರು ಕಣೇ. ಹೋಗೋವಾಗ ಒಂದು ಹೆಸರು, ಬರೋವಾಗ ಇನ್ನೊಂದು ಹೆಸರು ಇಟ್ಕೊಂಡು ಬಂದೀಯ” ಎಂದು ಅವನು ರೇಗಿಸಿದ.

“ಬಂದ್ರೆ ನಿಮಗೇನ್ರೀ, ಸಾರು ಅದೇ ಇರತ್ತೆ” ಎಂದೆ.

ಬಾಯಲ್ಲಿ ಏನೇ ಅಂದರೂ ಆ ದೇಶದ ವೀಸಾಕ್ಕೆಂದು ಒಂದು ದಿನ ರಜೆ ಹಾಕಿ ನನ್ನನ್ನು ಹೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋದ. ದಾರಿಯುದ್ದಕ್ಕೂ ವಾಪಸ್ ಬರುವಾಗ ಪಾಸ್‌ಪೋರ್ಟಿನಲ್ಲಿನ ನನ್ನ ವೀಸಾ ಮುದ್ರೆ ನೋಡಿ ಇಮಿಗ್ರೇಷನ್‌ನವರು ಏನು ತಕರಾರು ತೆಗೆಯಬಹುದು ಎಂಬುದೇ ಮಾತು. ನನಗೆ ಅದೊಂದೂ ತಲೆಗೆ ಹೋಗಲಿಲ್ಲ. ಬೀರುವಿನ ತಳದಿಂದ ಸ್ಟೆತಸ್ಕೋಪ್ ತೆಗೆದು ಒರೆಸಿ ಇಟ್ಟಾಗಿತ್ತು.

ತಂಡದ ಮುಖ್ಯಸ್ಥರು ಆಸ್ಟಿನ್‌ನ ಒಬ್ಬ ನಿವೃತ್ತ ವೈದ್ಯರು. ಎಪ್ಪತ್ತು ದಾಟಿದವರು, ಮಾತು ಕಡಿಮೆ. ಹೊರಡುವ ಮೊದಲೇ ನನ್ನನ್ನು ಕೂರಿಸಿಕೊಂಡು, ನಿನಗೆ ಈ ದೇಶದ ಲೈಸೆನ್ಸ್ ಇಲ್ಲ, ಆದ್ದರಿಂದ ನೀನು ಪರೀಕ್ಷಿಸು, ನಿರ್ಧಾರ ನನ್ನದು ಎಂದು ಹೇಳಿದ್ದರು. ಒಪ್ಪಿಕೊಂಡಿದ್ದೆ. ಮನಸ್ಸಿನಲ್ಲಿ ಮಾತ್ರ, ಇವರು ದಿನಕ್ಕೆ ನೋಡುವಷ್ಟು ರೋಗಿಗಳನ್ನು ನಾನು ತಿಂಡಿಗೆ ಮೊದಲೇ ನೋಡಿದವಳು ಎಂದುಕೊಂಡೆ.

ಆ ಹಳ್ಳಿಯ ಶಾಲೆಯೇ ನಮ್ಮ ಆಸ್ಪತ್ರೆ. ಬೆಂಚುಗಳನ್ನು ಜೋಡಿಸಿ ಮೇಲೆ ಬೆಡ್‌ಶೀಟ್ ಹಾಸಿದರೆ ಪರೀಕ್ಷೆಯ ಮಂಚ, ಹಗ್ಗಕ್ಕೆ ಇನ್ನೊಂದು ಬೆಡ್‌ಶೀಟ್ ಇಳಿಬಿಟ್ಟರೆ ಮರೆ. ಬೆಳಗಿನ ಜಾವದಿಂದಲೇ ಸಾಲು. ನರ್ಸ್ ನನ್ನ ಪಕ್ಕ ನಿಂತು ಅವರ ಮಾತನ್ನು ಇಂಗ್ಲಿಷಿಗೆ, ನನ್ನ ಮಾತನ್ನು ಸ್ಪ್ಯಾನಿಷ್‌ಗೆ ಮಾಡುತ್ತಿದ್ದಳು. ಬೆಟ್ಟದ ಜನರ ಬಣ್ಣ ನನ್ನದೇ ಬಣ್ಣ, ಎಣ್ಣೆ ಹಚ್ಚಿದ ಜಡೆ ನನ್ನದೇ ಜಡೆ. ಅಜ್ಜಿಯರು ತಂಡದ ಬೆಳ್ಳಗಿನವರನ್ನೆಲ್ಲ ಬಿಟ್ಟು ನನ್ನ ಬೆಂಚಿನ ಮುಂದೆಯೇ ಬಂದು ಕೂರುತ್ತಿದ್ದರು. ಎರಡೂವರೆ ವರ್ಷದ ಮೇಲೆ ಮೊದಲ ಸಲ ಒಬ್ಬರ ನಾಡಿ ಹಿಡಿದಾಗ ನನಗೆ ಕಣ್ಣು ತುಂಬಿಬಂತು. ಜೀವನದಲ್ಲಿ ನಾನು ಅಷ್ಟು ಸಂತೋಷವಾಗಿದ್ದ ದಿನಗಳು ಕಡಿಮೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಸಂತೋಷದಲ್ಲಿ ಮೈಮರೆತೇ ನಾನು ತಪ್ಪು ಮಾಡಿದ್ದು.

ಮೂರನೆಯ ದಿನ ಒಬ್ಬ ಹೆಂಗಸು ಬಂದಳು. ಮೂವತ್ತೆಂಟೋ ನಲವತ್ತೋ ವಯಸ್ಸು. ಗಟ್ಟಿ ಮೈಕಟ್ಟು, ನೆಟ್ಟನೆ ನಡಿಗೆ. ಎಡಭುಜ ನೋಯುತ್ತದೆ, ಭಾರ ಎತ್ತಿದರೆ ಹೆಚ್ಚು ಎಂದಳು. ಬೆಡ್‌ಶೀಟಿನ ಮರೆಗೆ ಕರೆದುಕೊಂಡು ಹೋಗಿ ನೋಡಿದೆ. ಭುಜದಲ್ಲಿ ಏನೂ ಇರಲಿಲ್ಲ. ಕಂಕುಳಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಎಡ ಸ್ತನದಲ್ಲಿ ನಿಂಬೆಹಣ್ಣಿನಷ್ಟು ಇನ್ನೊಂದು, ಕಲ್ಲಿನಂತೆ ಗಟ್ಟಿ, ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ನೋವಿಲ್ಲ ಎಂದಳು. ನೋವಿಲ್ಲದ ಗಂಟು ಎಂದರೆ ನಮಗೆ ಹೆಚ್ಚು ಭಯ.

ಹಿರಿಯ ವೈದ್ಯರನ್ನು ಕರೆದೆ. ಅವರೂ ನೋಡಿದರು, ಮುಖ ಗಂಭೀರವಾಯಿತು. ಬಸ್ಸಿನಲ್ಲಿ ಮೂರು ಗಂಟೆ ದೂರದ ಪಟ್ಟಣದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿನ ಶಸ್ತ್ರಚಿಕಿತ್ಸಕರು ಅವರಿಗೆ ಗೊತ್ತಿದ್ದವರೇ. ಈಗ ಹೋದರೆ ಏನಾದರೂ ಮಾಡಬಹುದು, ತಡವಾಗಬಾರದು, ಸರಿಯಾಗಿ ಬಿಡಿಸಿ ಹೇಳು ಎಂದು ಚೀಟಿ ನನ್ನ ಕೈಗಿತ್ತು, ಉಸಿರು ಕಟ್ಟುತ್ತಿದ್ದ ಒಂದು ಮಗುವಿನ ಕಡೆಗೆ ಓಡಿದರು.

ನಾನು ಚೀಟಿ ಹಿಡಿದು ಮರೆಯಿಂದ ಹೊರಗೆ ಬಂದು ಮೊದಲು ಮಾಡಿದ ಕೆಲಸವೆಂದರೆ, ಪೇಷೆಂಟ್ ಕಡೆಯವರು ಯಾರಿದ್ದಾರೆ ಎಂದು ನೋಡಿದ್ದು.

ನಮ್ಮ ಕಡೆಯ ಆಸ್ಪತ್ರೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ನಿಂತು “ಪೇಷೆಂಟ್ ಕಡೆಯೋರು ಯಾರ್ರೀ?” ಎಂದು ಕೂಗಿದರೆ ಮಗನೋ ಅಳಿಯನೋ ಮೈದುನನೋ ಎದ್ದು ಬರುತ್ತಾನೆ. ಅವನನ್ನು ಕಾರಿಡಾರಿನ ಮೂಲೆಗೆ ಕರೆದುಕೊಂಡು ಹೋಗಿ ಇದ್ದದ್ದನ್ನು ಹೇಳುತ್ತೇವೆ. ಆಮೇಲೆ ಇಬ್ಬರೂ ಮುಖ ಒರೆಸಿಕೊಂಡು, ನಗು ತಂದುಕೊಂಡು ಮಂಚದ ಹತ್ತಿರ ಬಂದು “ಏನಿಲ್ಲ, ಸ್ವಲ್ಪ ರಕ್ತ ಕಡಿಮೆ ಇದೆ” ಎನ್ನುತ್ತೇವೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ, “ಪೇಷೆಂಟ್‌ಗೆ ಧೈರ್ಯ ಹೇಳಮ್ಮ, ಕಡೆಯೋರಿಗೆ ನಿಜ ಹೇಳು” ಎಂದಿದ್ದರು. ಅದನ್ನು ನಾವು ಸುಳ್ಳು ಎಂದುಕೊಂಡಿರಲಿಲ್ಲ. ಕರುಣೆ ಎಂದುಕೊಂಡಿದ್ದೆವು. ನಾನಂತೂ ಅದರಲ್ಲಿ ಪಳಗಿದ್ದೆ. ಒಬ್ಬ ಮೇಷ್ಟ್ರು ಹೊಟ್ಟೆಯ ಕ್ಯಾನ್ಸರಿಗೆ ನಮ್ಮಲ್ಲಿ ದಾಖಲಾಗಿದ್ದರು. ಮಂಚದ ಮೇಲೆಯೇ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. “ನಿಜ ಹೇಳಿಬಿಡಮ್ಮ, ಟೈಮ್ ಇಲ್ಲ ಅಂದ್ರೆ ಈ ಪೇಪರ್‌ಗಳನ್ನ ಬೇರೆಯವರಿಗೆ ಕೊಟ್ಟು ನಾನು ಮನೆಗೆ ಹೋಗ್ತೀನಿ” ಎಂದು ಕೇಳಿದ್ದರು. “ಬರೀ ಅಲ್ಸರ್ ಸಾರ್, ಆರಾಮಾಗಿ ತಿದ್ದಿ” ಎಂದಿದ್ದೆ. ಅವರು ತಿದ್ದುತ್ತಲೇ ಹೋದರು. ಅವರ ಮಗ ನನ್ನ ಕೈ ಹಿಡಿದುಕೊಂಡು ತುಂಬ ಉಪಕಾರವಾಯಿತು ಎಂದ. ನಾನು ಆ ಮಾತನ್ನೇ ನೆನಪಿಟ್ಟುಕೊಂಡೆ, ಮೇಷ್ಟ್ರ ಪ್ರಶ್ನೆಯನ್ನಲ್ಲ.

ಶಾಲೆಯ ಜಗಲಿಯಲ್ಲಿ ಒಬ್ಬ ಗಂಡಸು ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳನ್ನು ಕರೆದುಕೊಂಡು ಬಂದವನು. ಅವಳ ಚೀಲ ಅವನ ಹೆಗಲ ಮೇಲಿತ್ತು. ಮನೆಯವನಾ ಎಂದು ನರ್ಸ್ ಕೇಳಿದಳು. ಹೌದೆಂದ. ನನಗೆ ಅಷ್ಟು ಸಾಕಾಯಿತು. ಗಂಡ ಎಂದುಕೊಂಡೆ, ಮುಂದೆ ಕೇಳಲಿಲ್ಲ. ಅವನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಇದು ಕ್ಯಾನ್ಸರ್ ಇರಬಹುದು, ಈ ತಿಂಗಳೊಳಗೆ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಈ ಚೀಟಿ ತೋರಿಸಬೇಕು. ನರ್ಸ್ ಒಂದೊಂದೇ ಮಾತು ಅನುವಾದಿಸಿದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ವಾಪಸ್ ಬರುವಾಗ ನರ್ಸ್ ನನ್ನ ತೋಳು ಹಿಡಿದು ನಿಲ್ಲಿಸಿದಳು. “ಅವಳಿಗೆ ಹೇಳಲ್ವಾ?”

“ಮನೆಯವರು ನಿಧಾನವಾಗಿ ಹೇಳ್ತಾರೆ. ಅವಳಿಗೆ ಈಗಲೇ ಹೇಳಿದ್ರೆ ಎದೆ ಒಡೆದುಕೊಳ್ತಾಳೆ.”

“ಅವಳ ಮೈ ಅಲ್ವಾ ಅದು?”

ನನಗೆ ಸಿಟ್ಟು ಬಂತು. “ನಾನು ಇಂಥವರನ್ನ ನೂರಾರು ಜನರನ್ನ ನೋಡಿದೀನಿ. ನಮ್ಮ ಕಡೆ, ಇವರ ಕಡೆ ಎಲ್ಲಾ ಒಂದೇ. ಕುಟುಂಬ ಅಂತ ಒಂದಿರತ್ತೆ, ನಿಮ್ಮ ಡಾಲಸ್ ಥರ ಅಲ್ಲ” ಎಂದೆ. ಅವಳ ಮನೆಮಾತು ಆ ಬೆಟ್ಟದವರದೇ ಮಾತು ಎಂಬುದು ಕೂಡ ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಅವಳು ನನ್ನ ತೋಳು ಬಿಟ್ಟಳು. ಡಾಕ್ಟರು ನಾನು, ನರ್ಸ್ ಅವಳು. ಅದನ್ನೂ ನಾನು ನಮ್ಮ ಆಸ್ಪತ್ರೆಯಿಂದಲೇ ಕಟ್ಟಿಕೊಂಡು ಹೋಗಿದ್ದೆ.

ಹೆಂಗಸು ಬೆಂಚಿನ ಮೇಲೆ ಗುಂಡಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಏನೋ ಕೇಳಿದಳು. “ದೊಡ್ಡದೇನಾದ್ರೂ ಇದೆಯಾ ಅಂತ ಕೇಳ್ತಿದಾಳೆ” ಎಂದಳು ನರ್ಸ್, ನನ್ನ ಮುಖವನ್ನೇ ನೋಡುತ್ತ. ನಾನು ನಕ್ಕೆ. ಆ ನಗು ನನಗೆ ಚೆನ್ನಾಗಿ ಬರುತ್ತಿತ್ತು. ಚಿಂತೆ ಮಾಡಬೇಡಿ, ಶಕ್ತಿಗೆ ಮಾತ್ರೆ ಕೊಡುತ್ತೇವೆ, ಉಳಿದದ್ದನ್ನು ನಿಮ್ಮವರಿಗೆ ಹೇಳಿದ್ದೇನೆ ಎಂದೆ. ಅವಳು ನನ್ನ ಎರಡೂ ಕೈಗಳನ್ನು ಹಿಡಿದು ಏನೇನೋ ಹೇಳಿ ಹೋದಳು. ಹೋಗುವ ಮೊದಲು ನಮ್ಮ ತಂಡದವರೊಬ್ಬರು ನಮ್ಮಿಬ್ಬರ ಫೋಟೋ ತೆಗೆದರು.

ಮಾರ್ಚಿನಲ್ಲಿ ಹೂಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಸಿಕ್ಕಿತೆಂದು ಪತ್ರ ಬಂತು. ಅದರ ಹಿಂದೆಯೇ ಯುಗಾದಿ. ನಮ್ಮ ಕನ್ನಡದವರು ಒಂದು ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ ಹಿಡಿದು ಹಬ್ಬ ಮಾಡುತ್ತಿದ್ದರು. ಆ ವರ್ಷ ಮಕ್ಕಳ ಡ್ಯಾನ್ಸ್‌ಗೂ ಪುಳಿಯೋಗರೆಗೂ ನಡುವೆ ನನಗೊಂದು ಸನ್ಮಾನ ಇಟ್ಟರು. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು, ‘ಆದ್ರೆ’ ಎನ್ನುತ್ತಿದ್ದ ಆಂಟಿಯೇ ಮೈಕ್ ಹಿಡಿದು “ನಮ್ಮ ಹುಡುಗಿ” ಎಂದರು. ನಾನು ಸ್ಲೈಡ್ ಹಾಕಿ ಮಾತಾಡಿದೆ. ಆ ಫೋಟೋ ಬಂದಾಗ ಸ್ವಲ್ಪ ತಡೆದು, ದನಿ ತಗ್ಗಿಸಿ, ಈ ತಾಯಿ ಭುಜನೋವೆಂದು ಬಂದವರು, ನಾವು ನೋಡಿದಾಗ ಸ್ತನದ ಕ್ಯಾನ್ಸರ್ ಎಂದೆ. ಸಭಾಂಗಣವೆಲ್ಲ ಲೊಚಗುಟ್ಟಿತು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು.

ಪಕ್ಕದ ಊರು ಫ್ರಿಸ್ಕೋದಿಂದ ಬಂದವರಿಗೆಲ್ಲ ಗೊತ್ತಾಯಿತು, ಅಡುಗೆಯ ಕಾಂಟ್ರ್ಯಾಕ್ಟರಿಗೆ ಗೊತ್ತಾಯಿತು, ಮೈಕ್ ಸರಿಮಾಡುತ್ತಿದ್ದವನಿಗೆ ಗೊತ್ತಾಯಿತು. ಯಾರ ಮೈಯಲ್ಲಿ ಅದು ಬೆಳೆಯುತ್ತಿತ್ತೋ ಅವಳಿಗೆ ಮಾತ್ರ ನಾನು ಹೇಳಿರಲಿಲ್ಲ. ಆ ದಿನ ಇದು ನನಗೆ ತೋಚಲೇ ಇಲ್ಲ. ಈಗ ನೆನೆಸಿಕೊಂಡರೆ ಆ ಶಾಲನ್ನು ಎಲ್ಲಿ ಬಚ್ಚಿಡಲಿ ಅನ್ನಿಸುತ್ತದೆ.

ಜುಲೈಯಲ್ಲಿ ಹೂಸ್ಟನ್‌ಗೆ ಶಿಫ್ಟ್ ಆದೆ. ಗಂಡ ಫ್ಲವರ್ ಮೌಂಡ್‌ನಲ್ಲೇ ಉಳಿದ, ಶುಕ್ರವಾರ ಸಂಜೆ ಕಾರು ಹತ್ತಿ ಬರುತ್ತಿದ್ದ. ಮೊದಲ ತಿಂಗಳಲ್ಲೇ ಒಬ್ಬ ರೋಗಿಯ ಬಯಾಪ್ಸಿ ವರದಿ ಬಂದಾಗ ಅಭ್ಯಾಸಬಲದಿಂದ ನಾನು ಹೊರಗೆ ಕೂತಿದ್ದ ಅವರ ಮಗನ ಕಡೆ ಹೊರಟೆ. ನನ್ನ ಮೇಲಿನ ವೈದ್ಯೆ ಅರ್ಧ ದಾರಿಯಲ್ಲೇ ತಡೆದು ವಾಪಸ್ ಕರೆತಂದರು. ರೋಗಿ ಒಪ್ಪದೆ ಮಗನಿಗೂ ಹೇಳುವಂತಿಲ್ಲ, ಇದು ಇಲ್ಲಿನ ಕಾನೂನು, ಮೊದಲು ಅವರಿಗೇ ಹೇಳಬೇಕು ಎಂದರು. ಒಳಗೆ ಹೋಗಿ ಕುರ್ಚಿ ಎಳೆದುಕೊಂಡು, ಆ ಮುದುಕಿಯ ಮಂಡಿಗೆ ತಮ್ಮ ಮಂಡಿ ತಾಗುವಷ್ಟು ಹತ್ತಿರ ಕೂತು, ಸುತ್ತಿ ಬಳಸದೆ ಹೇಳಿದರು. ಎಂಥ ಕಟುಕರು ಇವರು ಎಂದುಕೊಂಡೆ. ಮುದುಕಿ ಎರಡು ನಿಮಿಷ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಸರಿ, ಮುಂದೆ ಏನು ಎಂದು ಕೇಳಿದಳು. ಮುಂದಿನ ಅರ್ಧ ಗಂಟೆ ಎಲ್ಲ ಪ್ರಶ್ನೆಗಳನ್ನೂ ಅವಳೇ ಕೇಳಿದಳು, ಎಲ್ಲ ತೀರ್ಮಾನಗಳನ್ನೂ ಅವಳೇ ಮಾಡಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೊಂಡುರಾಸ್‌ನ ಬೆಂಚಿನ ಮೇಲೆ ಗುಂಡಿ ಹಾಕಿಕೊಳ್ಳುತ್ತಿದ್ದ ಆ ಹೆಂಗಸು ನೆನಪಾದಳು.

ಆ ಟೊಪ್ಪಿಯವನು ಹೇಳಿರುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಗಂಡನಲ್ಲವೇ, ಕರೆದುಕೊಂಡು ಹೋಗಿರುತ್ತಾನೆ. ಆದರೂ ಮುಂದಿನ ಫೆಬ್ರವರಿಯಲ್ಲಿ ತಂಡ ಹೊರಡುವಾಗ ನರ್ಸಿಗೆ ಫೋನ್ ಮಾಡಿದೆ. ನನಗೆ ರಜೆ ಸಿಕ್ಕಿರಲಿಲ್ಲ. ಅವಳನ್ನು ಹುಡುಕು, ಆಪರೇಷನ್ ಆಯಿತಾ ಕೇಳು ಎಂದೆ. “ಹುಡುಕ್ತೀನಿ” ಎಂದಷ್ಟೇ ಹೇಳಿ ಅವಳು ಫೋನಿಟ್ಟಳು.

ತಂಡ ವಾಪಸಾಗಿ ಹತ್ತು ದಿನಕ್ಕೆ ನರ್ಸ್ ಹೂಸ್ಟನ್‌ಗೇ ಬಂದಳು. ಮಧ್ಯಾಹ್ನ, ನಮ್ಮ ಆಸ್ಪತ್ರೆಯ ಕ್ಯಾಂಟೀನು. ಎದುರು ಕೂತು ಕಾಫಿ ಮುಟ್ಟದೆ, “ನಾನು ಬಂದಿದ್ದು ಅವಳ ಗಂಡನನ್ನ ನೋಡೋಕೆ. ಅವನು ಇದೇ ಊರಲ್ಲಿದಾನೆ, ಮನೆಗಳಿಗೆ ಛಾವಣಿ ಹಾಕೋ ಕೆಲಸ. ನಾಲ್ಕು ವರ್ಷದಿಂದ ಇಲ್ಲೇ ಇದಾನಂತೆ” ಎಂದಳು.

“ಮತ್ತೆ ಅವತ್ತು ಬಂದಿದ್ದವನು?”

“ಅಕ್ಕನ ಗಂಡ.”

ಅವಳೇ ಮುಂದುವರಿಸಿದಳು. ಮೊದಲ ದಿನವೇ, ಸಾಲಿನ ಮೊದಲಲ್ಲೇ ಆ ಹೆಂಗಸು ನಿಂತಿದ್ದಳಂತೆ. ಗಂಟು ಒಡೆದು ಹುಣ್ಣಾಗಿತ್ತು, ಮೇಲೆ ಸೊಪ್ಪು ಅರೆದು ಕಟ್ಟಿಕೊಂಡಿದ್ದಳು. ಶಕ್ತಿಗೆಂದು ಕೊಟ್ಟ ಮಾತ್ರೆ ಕೆಲಸ ಮಾಡಲಿಲ್ಲ, ಹೋದ ವರ್ಷದ ಡಾಕ್ಟರಮ್ಮ ಬಂದಿದ್ದಾರಾ ಎಂದು ನನ್ನ ಬಗ್ಗೆ ಕೇಳಿದ್ದಳಂತೆ.

ನರ್ಸ್ ಆ ಭಾವನನ್ನು ಹುಡುಕಿಕೊಂಡು ಹೋಗಿ ಜಗಳವಾಡಿದ್ದಳು. ಅವನು ಅತ್ತುಬಿಟ್ಟನಂತೆ. ಚೀಟಿ ಇನ್ನೂ ಅವನ ಹತ್ತಿರವೇ ಇತ್ತು. ಅವನು ಹೇಳಿದ್ದನ್ನು ನರ್ಸ್ ನನಗೆ ಹಾಗೇ ಒಪ್ಪಿಸಿದಳು. “ಅಷ್ಟು ಓದಿದ ಡಾಕ್ಟರಮ್ಮನೇ ಅವಳ ಮುಖ ನೋಡಿ ಹೇಳಲಿಲ್ಲ, ನಗ್ತಾ ಕಳಿಸಿದ್ರು. ಹೇಳಬಾರದ ಮಾತು ಇದು ಅಂದ್ಕೊಂಡೆ. ಕಾಫಿ ಕುಯ್ಲು ಮುಗೀಲಿ, ಏನಾದ್ರೂ ನೆಪ ಹೇಳಿ ಕರ್ಕೊಂಡು ಹೋಗೋಣ ಅಂದ್ಕೊಂಡೆ. ಆಮೇಲೆ ನನಗೆ ಧೈರ್ಯ ಬರಲಿಲ್ಲ.”

ಅವನನ್ನು ಬೈಯಲು ನನಗೆ ಯಾವ ಬಾಯಿ? ನಮ್ಮ ಕಾರಿಡಾರಿನ ಮೂಲೆಯಲ್ಲಿ ನಿಂತು ನಾನು ಎಷ್ಟೋ ಅಳಿಯಂದಿರಿಗೆ, ಮೈದುನಂದಿರಿಗೆ ಕಲಿಸಿದ್ದನ್ನೇ ಅವನು ಮಾಡಿದ್ದ. ನಾನು ಹೇಳಿದ್ದನ್ನಲ್ಲ, ಮಾಡಿ ತೋರಿಸಿದ್ದನ್ನು ಕಲಿತಿದ್ದ.

“ಅವಳಿಗೆ ಈಗ ಗೊತ್ತಾ?” ಎಂದೆ.

“ನಾನೇ ಹೇಳಿದೆ. ಯಾರನ್ನೂ ಕೇಳಲಿಲ್ಲ.” ನರ್ಸ್ ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ ಮಾತಾಡುತ್ತಿದ್ದಳು. “ಅವಳು ಎದೆ ಒಡೆದುಕೊಳ್ಳಲಿಲ್ಲ. ಹೋದ ವರ್ಷವೇ ಇತ್ತಾ ಅಂತ ಕೇಳಿದಳು. ಹೌದು ಅಂದೆ. ಡಾಕ್ಟರಿಗೆ ಗೊತ್ತಿತ್ತಾ ಅಂತ ಕೇಳಿದಳು. ಅದಕ್ಕೂ ಹೌದು ಅಂದೆ. ನಾವೇ ಅವಳನ್ನ ಆ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅವರು ಎಲ್ಲಾ ಕಡೆ ಹರಡಿದೆ ಅಂದ್ರು.”

ಹೇಳಿದ್ದರೂ ಅವಳಿಂದ ಏನಾಗುತ್ತಿತ್ತು, ಗಂಡ ಇಲ್ಲಿ, ಅಷ್ಟು ದೂರದ ಪಟ್ಟಣಕ್ಕೆ ಒಂಟಿ ಹೆಂಗಸು ಹೇಗೆ ಹೋಗುತ್ತಿದ್ದಳು ಎಂದು ನಾನು ಏನೋ ತೊದಲಿದೆ. ಅಷ್ಟಾದ ಮೇಲೂ ತಪ್ಪಿಸಿಕೊಳ್ಳಲು ಒಂದು ಸಂದಿ ಹುಡುಕುತ್ತಿದ್ದೆ.

ನರ್ಸ್ ತಲೆಯೆತ್ತಿ ನನ್ನನ್ನು ನೋಡಿದಳು. “ಅವಳು ಪ್ರತಿ ತಿಂಗಳೂ ಆ ಪಟ್ಟಣಕ್ಕೆ ಹೋಗ್ತಾಳೆ. ಒಬ್ಬಳೇ. ಮನೇಲಿ ಮಾಡಿದ ಚೀಸ್ ಸಂತೇಲಿ ಮಾರ್ತಾಳೆ. ನಾವು ಕರ್ಕೊಂಡು ಹೋದಾಗ ದಾರಿ ತೋರಿಸಿದ್ದೇ ಅವಳು. ಬಸ್ ನಿಲ್ಲೋದು ಆ ಆಸ್ಪತ್ರೆ ಗೇಟಿನ ಎದುರಿಗೇ.”

ನರ್ಸ್ ಆ ಹೆಂಗಸಿನ ಗಂಡನ ವಿಳಾಸ ಬರೆದುಕೊಂಡಿದ್ದ ಚೀಟಿ ತೆಗೆದುಕೊಂಡು ಎದ್ದು ಹೋದಳು. ನಾನು ಅಲ್ಲೇ ಕೂತು ತಿಂಗಳುಗಳನ್ನು ಲೆಕ್ಕ ಹಾಕಿದೆ. ಆ ಒಂದು ವರ್ಷದಲ್ಲಿ ಆ ಹೆಂಗಸು ಹನ್ನೆರಡು ಸಲ ಆ ಗೇಟಿನ ಎದುರು ಇಳಿದಿದ್ದಳು, ಹನ್ನೆರಡು ಸಲ ಅದನ್ನು ದಾಟಿ ಸಂತೆಗೆ ಹೋಗಿದ್ದಳು. ಒಳಗೆ ಹೋಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿರಲಿಲ್ಲ.